ಎಡಗಿವಿ

ಹಾಂಗ್‌ಕಾಂಗ್, ಇಪ್ಪತ್ತೆರಡನೇ ಮಹಡಿ, ರಾತ್ರಿ ಎರಡೂವರೆ.
ಇಲ್ಲಿ ಅಚ್ಚಾಗುವುದು ನೋಟಲ್ಲ,
ನೋಟಿನ ಆಸೆ.
ನಾನು ಕರಡು ತಿದ್ದುವವಳು. ಹದಿನೇಳು ವರ್ಷದಿಂದ
ಯಾರದೋ ಅಲ್ಪವಿರಾಮಗಳಿಗೆ ಕಣ್ಣು ತೆತ್ತು
ಮನೆ ಬಾಡಿಗೆ ಕಟ್ಟಿದ್ದೇನೆ.

ಈ ವಾರದ ಕಂಪನಿ ಮಾಡುವುದು
ಲಿಫ್ಟಿನ ಹಗ್ಗಕ್ಕೆ ಕಿವಿಗೊಡುವ ಪೆಟ್ಟಿಗೆ.
ಸಾಬೂನಿನಷ್ಟಿದೆ. ಉಕ್ಕಿನ ಒಂದೆಳೆ ಒಳಗೊಳಗೇ ಹರಿದರೂ
ಎರಡು ತಿಂಗಳು ಮೊದಲೇ ಹೇಳುತ್ತದಂತೆ.
ದೊಡ್ಡ ಪೇಟೆಗೆ ಎತ್ತರ ಸಾಲದು,
ಚಿಕ್ಕ ಪೇಟೆಯಲ್ಲಿ ಷೇರು ಬಿಡುತ್ತಾರೆ.
ಅದಕ್ಕೆಂದೇ ಮೊದಲಿಗೆ ಒಂದು ಪುಟ, ದಪ್ಪಕ್ಷರದಲ್ಲಿ:
ಇಲ್ಲಿಯ ಕಂಪನಿಗಳು ಎಳೆಯವು, ಬೆಲೆ ಚಂಚಲ,
ಮಾರಹೊರಟ ದಿನ ಕೊಳ್ಳುವವರೇ ಸಿಗದಿರಬಹುದು.
ನನಗದು ಬಾಯಿಪಾಠ.
ಓದಿ ಹಿಂದೆ ಸರಿದವರನ್ನು ಕಂಡಿಲ್ಲ.
ನನ್ನ ತಂಗಿಯೂ ಸರಿಯಲಿಲ್ಲ; ಆ ಕತೆ ಬೇಡ.

ಬ್ಯಾಂಕಿನ ಹುಡುಗರು ಶೂ ಬಿಚ್ಚದೆ ಸೋಫಾದಲ್ಲಿ ಬಿದ್ದಿದ್ದಾರೆ.
ವಕೀಲೆ ಮೊಕ್ ಹೊಯ್-ಲಾಮ್
'ಬಹುದು'ಗಳನ್ನು ಎಣಿಸುತ್ತಿದ್ದಾಳೆ:
ಬೀಳಬಹುದು, ಕುಸಿಯಬಹುದು, ಮುಳುಗಬಹುದು.
ಒಂದು 'ಬಹುದು' ಉದುರಿದರೆ ಕೋರ್ಟು.

ಮೂಲೆಯಲ್ಲಿ ಒಡೆಯ ಯಿಪ್ ಕಾಮ್-ವಿಂಗ್,
ಒಂದು ಕಾಲದ ಲಿಫ್ಟ್ ಮೆಕ್ಯಾನಿಕ್ಕು,
ಮೀನುಂಡೆ ನೂಡಲ್ಸ್ ತಿನ್ನುತ್ತಿದ್ದ.
ಹೊಸ ಕೋಟಿನ ತೋಳಲ್ಲಿ ಅಂಗಡಿಯ ಚೀಟಿ ಹಾಗೇ ಇತ್ತು,
ಉಗುರಲ್ಲಿ ಹಳೆಯ ಗ್ರೀಸು.
ಎಡಕ್ಕೆ ನಿಂತು ಕೇಳಿದೆ:
"ಹಗ್ಗ ನಾಲ್ಕೋ ಐದೋ? ಎರಡು ಪುಟದಲ್ಲಿ ಎರಡು ಲೆಕ್ಕ."
ನೂಡಲ್ಸ್ ಹೀರಿದ.
ಮತ್ತೆ ಕೇಳಿದೆ.
ಹೀರಿದ.
ಬಲಕ್ಕೆ ಬಂದೆ. "ನಾಲ್ಕು," ಎಂದ ತಕ್ಷಣ,
ಮೊದಲ ಬಾರಿ ಕೇಳಿದವನ ಹಾಗೆ.

ಪುಟ ಮೂವತ್ತೊಂದು ಹೇಳುತ್ತದೆ:
ಯಂತ್ರಕ್ಕೆ ಕಲಿಸಿದ್ದು ಸ್ಥಾಪಕರ ಕಿವಿ.
ನಾಲ್ಕು ಸಾವಿರ ಗಂಟೆಯ ಸದ್ದು ಕೇಳಿ ಕೇಳಿ
ಇದು ಆರೋಗ್ಯ, ಇದು ಕಾಯಿಲೆ ಎಂದು ವಿಂಗಡಿಸಿದವರು.
ಅವರಿಲ್ಲದಿದ್ದರೆ ವ್ಯವಹಾರಕ್ಕೆ ಧಕ್ಕೆಯಾಗಬಹುದು.

ಇದ್ದಾನಲ್ಲ, ನೂಡಲ್ಸ್ ತಿನ್ನುತ್ತ ಕೂತಿದ್ದಾನಲ್ಲ.
ಅರ್ಧ ಇಲ್ಲದಿದ್ದರೆ ಏನನ್ನಬೇಕು?
ನನ್ನ ಕೆಲಸ ಅಕ್ಷರ. ನಿಜ, ವಕೀಲರ ಖಾತೆ.
ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟೆ,
ಅಷ್ಟೇ.
"ಏನಿದು?" ಎಂದಳು ಮೊಕ್.
"ಅವರ ಎಡಕ್ಕೆ ನಿಂತು ಕೇಳಿ."

ಗಾಜಿನ ಕೋಣೆಯ ಬಾಗಿಲು ಮುಚ್ಚಿತು.
ಒಳಗೆ ಕೈಗಳು ಹಾರಾಡಿದವು, ಒಬ್ಬ ಸೋಫಾದಿಂದೆದ್ದು ಓಡಿದ,
ಷೇರಿನ ಬೆಲೆ ಹತ್ತು ಸೆಂಟ್ ಇಳಿಯಿತು.
ನಾಲ್ಕಕ್ಕೆ ಪುಟ ವಾಪಸು ಬಂತು, ಒಂದು ಸಾಲು ದಪ್ಪಗಾಗಿ:
ಸ್ಥಾಪಕರ ಎಡಗಿವಿಯ ಶಕ್ತಿ ಕುಂದಿದೆ; ಮುಂದೆ
ಬಲಗಿವಿಯದೂ ಕುಂದಬಹುದು.

ಹೊರಡುವಾಗ ನನ್ನ ಮೇಜಿನ ಬಳಿ ನಿಂತ.
ಬೈಗುಳಕ್ಕೆ ತಯಾರಾಗಿ ಕೂತೆ.
"ಆ ಸಾಲಲ್ಲಿ ತಪ್ಪಿಲ್ಲ ತಾನೆ?"
"ಅಚ್ಚಿನ ತಪ್ಪಿಲ್ಲ."
ತಲೆಯಾಡಿಸಿದ. "ಹೆಂಡತಿಗೂ ಹೇಳಿರಲಿಲ್ಲ, ಒಂಬತ್ತು ವರ್ಷ.
ಊಟಕ್ಕೆ ಅವಳ ಎಡಕ್ಕೇ ಕೂರುತ್ತಿದ್ದೆ.
ಈಗ ಸಾವಿರ ಪ್ರತಿ."

ಮುಂದಿನ ತಿಂಗಳು ಟೀವಿಯಲ್ಲಿ ಜಾಗಟೆ ಬಾರಿಸಿದ.
ಎಡಗಿವಿಯನ್ನು ಜಾಗಟೆಗೆ ಕೊಟ್ಟು,
ಒಳ್ಳೆಯದನ್ನು ಹೆಂಡತಿಯ ಕಡೆಗಿಟ್ಟು.
ಅವಳೇನೋ ಹೇಳಿದಳು, ಇವನು ನಕ್ಕ.
ಮಧ್ಯಾಹ್ನದ ಹೊತ್ತಿಗೆ ಬೆಲೆ ಇನ್ನೂ ಆರು ಸೆಂಟ್ ಕೆಳಗೆ.

ನಾನು ಕೊಳ್ಳಲಿಲ್ಲ. ಅಚ್ಚುಮನೆಯವರು ಕೊಳ್ಳುವಂತಿಲ್ಲ.
ರಾತ್ರಿ ಶಾಮ್ ಶುಯ್ ಪೊದ ನಮ್ಮ ಮುದಿ ಲಿಫ್ಟಿನಲ್ಲಿ
ಯಾರೂ ಇಲ್ಲದ್ದು ನೋಡಿ ಗೋಡೆಗೆ ಕಿವಿಯಿಟ್ಟೆ.
ಏನೋ ಗೊಣಗುತ್ತಿತ್ತು, ಮಹಡಿಯಿಂದ ಮಹಡಿಗೆ,
ಆರೋಗ್ಯವೋ ಕಾಯಿಲೆಯೋ,
ಏಳನೆಯದರಲ್ಲಿ ಬಾಗಿಲು ತೆರೆಯಿತು.